ಇಲ್ಲ ಎನ್ನಲು ಇಂಗ್ಲಿಷ್ ಪಟ್ಟ ಪಾಡು

1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್ಲೊಂದರಲ್ಲಿ ‘ನಾಟ್’ ಎಂಬ ಒಂದೇ ಒಂದು ಪದ ಬಿಟ್ಟುಹೋಯಿತು. ಎಲ್ಲಿ ಬಿಡಬಾರದೋ ಅಲ್ಲೇ ಬಿಟ್ಟಿತ್ತು: ದಶಾಜ್ಞೆಗಳ ಏಳನೆಯದರಲ್ಲಿ. ವ್ಯಭಿಚಾರ ಮಾಡಬಾರದು ಎಂದಿರಬೇಕಾದ ದೈವಾಜ್ಞೆ, ವ್ಯಭಿಚಾರ ಮಾಡತಕ್ಕದ್ದು ಎಂದು ಓದಿಸಿಕೊಂಡಿತು. ರಾಜಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲ್ಯೂಕಸ್ ಅವರಿಗೆ 300 ಪೌಂಡ್ ದಂಡ ಬಿತ್ತು. ಸಿಕ್ಕಸಿಕ್ಕ ಪ್ರತಿಗಳನ್ನೆಲ್ಲ ನಾಶಮಾಡಿದರು. ಅಳಿದುಳಿದ ಬೆರಳೆಣಿಕೆಯ ಪ್ರತಿಗಳು ‘ದುಷ್ಟ ಬೈಬಲ್’ ಎಂಬ ಹೆಸರಿನಲ್ಲಿ ಇಂದು ಸಂಗ್ರಹಕಾರರ ಕಣ್ಮಣಿ.

ಇಷ್ಟೆಲ್ಲ ಭಾರ ಹೊತ್ತ ಆ ಪುಟ್ಟ ಪದ ಇಂಗ್ಲಿಷಿನಲ್ಲಿ ಮೊದಲಿನಿಂದ ಇದ್ದದ್ದಲ್ಲ.

ಒಂಬತ್ತನೇ ಶತಮಾನದ ಆಲ್ಫ್ರೆಡ್ ದೊರೆಯ ಕಾಲಕ್ಕೆ ನಿಷೇಧದ ಕೆಲಸ ಮಾಡುತ್ತಿದ್ದದ್ದು ‘ನೆ’ ಎಂಬ ಏಕಾಕ್ಷರ. ಕ್ರಿಯಾಪದದ ಮುಂದೆ ಅದನ್ನಿಟ್ಟರೆ ಮುಗಿಯಿತು. ಎಷ್ಟೋ ಸಲ ಅದು ಮುಂದಿನ ಪದಕ್ಕೇ ಅಂಟಿಕೊಳ್ಳುತ್ತಿತ್ತು. ಇಂದಿನ ‘ನೆವರ್’ ಎಂದರೆ ‘ನೆ’ ಮತ್ತು ‘ಎವರ್’ ಕೂಡಿದ್ದು. ‘ನನ್’ ಎಂದರೆ ‘ನೆ’ ಮತ್ತು ‘ಒನ್’. ಬಯಸಿದರೂ ಬಯಸದಿದ್ದರೂ ಎಂಬರ್ಥದ ‘ವಿಲ್ಲಿ-ನಿಲ್ಲಿ’ಯಲ್ಲಿ ಅಡಗಿರುವುದೂ ಅದೇ ‘ನೆ’.

ಆದರೆ ಒತ್ತಿಲ್ಲದ ಒಂದಕ್ಷರ ಮಾತಿನ ಓಘದಲ್ಲಿ ಎಷ್ಟು ದಿನ ಕೇಳಿಸೀತು? ಅದಕ್ಕೊಂದು ಊರುಗೋಲು ಬೇಕಾಯಿತು. ‘ಏನೊಂದೂ ಇಲ್ಲ’ ಎಂಬರ್ಥದ ‘ನಾವಿಖ್ಟ್’ ಎಂಬ ಪದವನ್ನು ಜನ ಕ್ರಿಯಾಪದದ ಹಿಂದೆ ಸೇರಿಸತೊಡಗಿದರು. ಅದು ಸವೆದು ‘ನಾಟ್’ ಆಯಿತು. ಕೆಲಕಾಲ ಮುಂದೆ ‘ನೆ’, ಹಿಂದೆ ‘ನಾಟ್’ ಎಂದು ಎರಡೂ ನಿಂತಿದ್ದವು. ಕೊನೆಗೆ ‘ನೆ’ ಬಿದ್ದುಹೋಗಿ ಊರುಗೋಲೇ ಉಳಿಯಿತು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ 1917ರಲ್ಲಿ ಈ ಸವೆತ-ಬದಲಾವಣೆಯ ಸರಣಿಯನ್ನು ಬಿಡಿಸಿಟ್ಟರು. ಇಂದು ಅದಕ್ಕೆ ‘ಯೆಸ್ಪರ್ಸನ್ ಚಕ್ರ’ ಎಂದೇ ಹೆಸರು. ಫ್ರೆಂಚಿನದೂ ಇದೇ ಕಥೆ. ‘ಹೆಜ್ಜೆ’ ಎಂಬರ್ಥದ ‘ಪಾ’ ಅಲ್ಲಿ ಒತ್ತಾಸೆಗೆ ಬಂದದ್ದು, ಆಡುಮಾತಿನಲ್ಲಿ ಈಗ ಒಂಟಿಯಾಗಿಯೇ ‘ಇಲ್ಲ’ ಎನ್ನುತ್ತದೆ.

ಎರಡೆರಡು ನಿಷೇಧ ಬಂದರೆ ಅಂದಿನವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಛಾಸರ್ ಕವಿ ತನ್ನ ಕ್ಯಾಂಟರ್ಬರಿ ಕಥೆಗಳ ಪೀಠಿಕೆಯಲ್ಲಿ ಸಜ್ಜನ ಯೋಧನನ್ನು ಹೊಗಳುವಾಗ, ಅವನು ಯಾರಿಗೂ ಎಂದೂ ಕೆಟ್ಟ ಮಾತಾಡಿದವನಲ್ಲ ಎನ್ನಲು ಒಂದೇ ವಾಕ್ಯದಲ್ಲಿ ನಾಲ್ಕು ನಿಷೇಧ ಪೋಣಿಸಿದ್ದಾನೆ. ಲೆಕ್ಕದ ಮೇಷ್ಟರು ಇದು ಸಮಸಂಖ್ಯೆ, ಆದ್ದರಿಂದ ಯೋಧ ಬಾಯಿಹರುಕ ಎಂದು ತೀರ್ಮಾನಿಸಬಹುದು. ಕೇಳುಗರಲ್ಲಿ ಹಾಗೆ ತಿಳಿದವರು ಒಬ್ಬರೂ ಇದ್ದಿರಲಾರರು. ‘ಯಾರೂ ಬರಲಿಲ್ಲ’ ಎಂಬುದನ್ನು ಕನ್ನಡದ ಹುಡುಗನೊಬ್ಬ ‘ನೋಬಡಿ ಡಿಡ್ ನಾಟ್ ಕಮ್’ ಎಂದು ಇಂಗ್ಲಿಷಿಗೆ ತಂದು ಬೈಸಿಕೊಂಡರೆ, ಛಾಸರನಾದರೂ ಅವನ ಬೆನ್ನು ತಟ್ಟುತ್ತಿದ್ದ.

ಮುಂದಿನ ಬದಲಾವಣೆಯೇ ವಿಚಿತ್ರವಾದದ್ದು. ‘ಐ ಸೇ ನಾಟ್’ ಎನ್ನುತ್ತಿದ್ದ ಜನ ಯಾವ ಅರ್ಥವೂ ಇಲ್ಲದ ‘ಡೂ’ವನ್ನು ನಡುವೆ ತಂದು ‘ಐ ಡೂ ನಾಟ್ ಸೇ’ ಎನ್ನಲಾರಂಭಿಸಿದರು. ಇದು ವೆಲ್ಷ್ ಮೊದಲಾದ ಕೆಲ್ಟಿಕ್ ನುಡಿಗಳ ಪ್ರಭಾವ ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಸ್ವೀಡನ್ನಿನ ಆಲ್ವಾರ್ ಎಲ್ಲೆಗಾರ್ಡ್ ಹಳೆಯ ಗ್ರಂಥರಾಶಿಯನ್ನು ಜಾಲಾಡಿ 1953ರಲ್ಲಿ ಈ ‘ಡೂ’ವಿನ ಏರಿಳಿತವನ್ನು ಎಣಿಸಿಟ್ಟರು. 15ನೇ ಶತಮಾನದಲ್ಲಿ ಅಪರೂಪವಾಗಿದ್ದ ಬಳಕೆ 18ನೇ ಶತಮಾನದ ಹೊತ್ತಿಗೆ ರೂಢಿಯಾಗಿತ್ತು. ‘ತಿಳಿ’ ಎಂಬರ್ಥದ ‘ನೋ’, ‘ಡೌಟ್’, ‘ಕೇರ್’ ಮುಂತಾದ ಕೆಲವು ಕ್ರಿಯಾಪದಗಳು ಮಾತ್ರ ಬಹಳ ಕಾಲ ಹಟ ಹಿಡಿದವು. ಶೇಕ್ಸ್‌ಪಿಯರನ ಪಾತ್ರಗಳು ಹಳೆಯ ‘ಐ ನೋ ನಾಟ್’ ಅನ್ನೂ ಆಡುತ್ತವೆ, ಹೊಸ ‘ಡೂ ನಾಟ್’ ಅನ್ನೂ ಆಡುತ್ತವೆ.

ಭೂತಕಾಲದ ಗುರುತನ್ನು ‘ಡಿಡ್’ ಕಸಿದುಕೊಂಡ ಮೇಲೆ ಮುಖ್ಯ ಕ್ರಿಯಾಪದ ಬರಿದಾಗಿ ‘ಗೋ’ ಆಗಿಯೇ ಉಳಿಯಿತು. ‘ಡಿಡ್ ನಾಟ್ ವೆಂಟ್’ ಎಂದು ಬರೆದು ಅಂಕ ಕಳೆದುಕೊಂಡವರು ಕರ್ನಾಟಕದ ಶಾಲೆಗಳಲ್ಲಿ ಲೆಕ್ಕವಿಲ್ಲದಷ್ಟು. ಹಾಗೆ ನೋಡಿದರೆ ಕನ್ನಡವೂ ಅದನ್ನೇ ಮಾಡುತ್ತದೆ. ‘ಹೋದನು’ ಎಂಬುದರ ನಿಷೇಧ ‘ಹೋಗಲಿಲ್ಲ’; ‘ಹೋದ’ ಎಂಬ ರೂಪ ಅಲ್ಲಿ ಸುಳಿಯುವುದೇ ಇಲ್ಲ. ಈ ಹೋಲಿಕೆಯನ್ನು ಐದನೇ ತರಗತಿಯಲ್ಲೇ ತೋರಿಸಿಕೊಟ್ಟರೆ ಕೆಂಪು ಶಾಯಿ ಎಷ್ಟೋ ಉಳಿದೀತು.

17ನೇ ಶತಮಾನದಲ್ಲಿ ‘ನಾಟ್’ ಕೂಡ ಸವೆಯಲು ಶುರುವಾಗಿ ‘ಡೋಂಟ್’, ‘ಕಾಂಟ್’, ‘ವೋಂಟ್’ಗಳು ಬರವಣಿಗೆಯಲ್ಲಿ ತಲೆಹಾಕಿದವು. 1710ರ ಸೆಪ್ಟೆಂಬರಿನಲ್ಲಿ ಜೊನಾಥನ್ ಸ್ವಿಫ್ಟ್ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಇಂಥ ಮೊಟಕು ರೂಪಗಳ ಮೇಲೆ ಹರಿಹಾಯ್ದ. ಅದೇ ತಿಂಗಳು ಗೆಳತಿ ಸ್ಟೆಲ್ಲಾಗೆ ಬರೆಯತೊಡಗಿದ ಪತ್ರಗಳಲ್ಲಿ ಮಾತ್ರ ಅವುಗಳನ್ನು ಧಾರಾಳವಾಗಿ ಬಳಸಿದ. ಮಡಿ ಏನಿದ್ದರೂ ಅಚ್ಚಿನ ಮನೆಗೆ! ಮುಂದೆ ಲೂಯಿಸ್ ಕ್ಯಾರಲ್ ‘ಕಾಂಟ್’ ಎಂಬ ಚಿಕ್ಕ ಪದದಲ್ಲೂ ಎರಡು ಲೋಪಚಿಹ್ನೆಗಳಿರಬೇಕೆಂದು ಪಟ್ಟು ಹಿಡಿದರೆ, ಬರ್ನಾರ್ಡ್ ಷಾ ಇಂಥ ಪದಗಳಿಗೆ ಒಂದೂ ಬೇಡವೆಂದು ಕಿತ್ತೆಸೆದ.

ಎರಡು ನಿಷೇಧ ಸೇರಿದರೆ ಒಂದು ಸಮ್ಮತಿ ಎಂಬ ಲೆಕ್ಕಾಚಾರ ಶಾಲೆಗಳಿಗೆ ಬಂದದ್ದು 18ನೇ ಶತಮಾನದಲ್ಲಿ. ಅದರ ಅಪಕೀರ್ತಿಯೆಲ್ಲ ರಾಬರ್ಟ್ ಲೌತ್ ಎಂಬ ಪಾದ್ರಿಯ ತಲೆಗೆ ಕಟ್ಟಲಾಗಿದೆ. ಇದು ಅನ್ಯಾಯ. ಅವನ ವ್ಯಾಕರಣ ಹೊರಬಂದದ್ದು 1762ರಲ್ಲಿ. ಜೇಮ್ಸ್ ಗ್ರೀನ್‌ವುಡ್ 1711ರಲ್ಲೇ ಆ ಮಾತು ಹೇಳಿದ್ದ. ಓದಿದವರ ಬರವಣಿಗೆಯಿಂದ ಇಮ್ಮಡಿ ನಿಷೇಧ ಅದಾಗಲೇ ಹೆಚ್ಚುಕಡಿಮೆ ಮರೆಯಾಗಿತ್ತು. ಉಳಿದದ್ದು ಬಡವರ, ಹಳ್ಳಿಗರ ಬಾಯಲ್ಲಿ. ನಿಯಮ ತರ್ಕದ ವೇಷ ಹಾಕಿದ್ದರೂ ಅಳೆಯುತ್ತಿದ್ದದ್ದು ಅಂತಸ್ತನ್ನು. ‘ಹಾರ್ಡ್ಲಿ’ಯ ಮೇಲೂ ಅದೇ ಕಣ್ಣು ಬಿತ್ತು. ಮೊದಲು ‘ಬಲವಾಗಿ’ ಎಂಬರ್ಥವಿದ್ದ ಆ ಕ್ರಿಯಾವಿಶೇಷಣ, ‘ಕಷ್ಟದಿಂದ’ ಎಂಬಲ್ಲಿಗೆ ಬಂದು, ‘ಇಲ್ಲವೆನ್ನುವಷ್ಟು ಕಡಿಮೆ’ ಎಂಬಲ್ಲಿ ನಿಂತಿತು. ನಿಷೇಧದ ಗುಂಪಿಗೆ ಸೇರಿದ್ದೇ ತಡ, ‘ಕಾಂಟ್ ಹಾರ್ಡ್ಲಿ’ ತಪ್ಪು ಪ್ರಯೋಗಗಳ ಪಟ್ಟಿ ಸೇರಿತು.

ಎಲ್ಲಕ್ಕಿಂತ ಹೆಚ್ಚು ಬೈಗುಳ ತಿಂದದ್ದು ‘ಏಂಟ್’. ಫಿಲಿಪ್ ಗೋವ್ ಸಂಪಾದಿಸಿದ ವೆಬ್‌ಸ್ಟರ್ ಮೂರನೇ ನಿಘಂಟು 1961ರಲ್ಲಿ, ಅಮೆರಿಕದ ಸುಸಂಸ್ಕೃತರೂ ಮಾತಿನಲ್ಲಿ ಇದನ್ನು ಬಳಸುತ್ತಾರೆ ಎಂದು ದಾಖಲಿಸಿದ್ದೇ ದೊಡ್ಡ ರಂಪವಾಯಿತು. ಪತ್ರಿಕೆಗಳು ಭಾಷೆಯೇ ಮುಳುಗಿತೆಂದು ಹುಯಿಲೆಬ್ಬಿಸಿದವು. ಅಷ್ಟು ತಿರಸ್ಕಾರಕ್ಕೆ ಆಧಾರವೇ ಇಲ್ಲ. ‘ಆಮ್ ನಾಟ್’ ಮೊಟಕಾಗಿ 17ನೇ ಶತಮಾನದ ಕೊನೆಗೆ ‘ಆ್ಯಂಟ್’ ಆಗಿತ್ತು. ಅದು ಒಂದು ಕಡೆ ‘ಏಂಟ್’ ಆಯಿತು. ‘ರ’ಕಾರ ನುಂಗುವ ದಕ್ಷಿಣ ಇಂಗ್ಲೆಂಡಿನವರ ಬಾಯಲ್ಲಿ ‘ಆಂಟ್’ ಆದದ್ದನ್ನು ‘ಆರಂಟ್’ ಎಂದು ಬರೆದರು. ‘ಐ ಆರ್’ ಎಂದರೆ ಬೆತ್ತ ಎತ್ತುವ ಮೇಷ್ಟರು ‘ಆರಂಟ್ ಐ’ ಎಂಬುದನ್ನು ಮರುಮಾತಿಲ್ಲದೆ ಕಲಿಸುತ್ತಾರೆ. ವ್ಯಾಕರಣಕ್ಕೆ ನೆಟ್ಟಗೆ ಹೊಂದುವ ‘ಆಮಂಟ್ ಐ’ ಮಾತ್ರ ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಜನರ ಮಾತಿನಲ್ಲಿ ಇಂದಿಗೂ ಬಳಕೆಯಲ್ಲಿದೆ.