ಆಸ್ಟಿನ್ ಅಸೆಸ್‌ಮೆಂಟ್
ಮಿದುಳು ಸಂಬಂಧಿ ದೃಷ್ಟಿದೋಷವಿರಬಹುದಾದ ಮಕ್ಕಳನ್ನು ಗುರುತಿಸಲು ನ್ಯೂಜಿಲೆಂಡ್‌ನ ಮ್ಯಾಸ್ಸಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಐಪ್ಯಾಡ್ ಆ್ಯಪ್. ಇದರ ಹಿಂದಿರುವ ಸಂಶೋಧಕಿ ನಿಕೋಲಾ ಮೆಕ್‌ಡೊವೆಲ್ ಹದಿಹರೆಯದಲ್ಲಿ ಮಿದುಳಿನ ರಕ್ತಸ್ರಾವಕ್ಕೆ ಒಳಗಾದವರು. ತಮಗೂ ಇದೇ ದೋಷವಿದೆ ಎಂಬುದು ಅವರಿಗೆ ತಿಳಿದದ್ದು ಎಷ್ಟೋ ವರ್ಷಗಳ ಬಳಿಕ.

ಈ ದೋಷದಲ್ಲಿ ಕಣ್ಣು ಬಹುಮಟ್ಟಿಗೆ ಸರಿಯಾಗಿದ್ದರೂ, ಕಂಡದ್ದನ್ನು ಅರ್ಥೈಸುವ ಮಿದುಳಿನ ಭಾಗಗಳಿಗೆ ಪೆಟ್ಟಾಗಿರುತ್ತದೆ. ಅವಧಿಗೆ ಮುನ್ನ ಹೆರಿಗೆ, ಹುಟ್ಟುವಾಗ ಆಮ್ಲಜನಕದ ಕೊರತೆ, ನವಜಾತ ಶಿಶುವಿನ ರಕ್ತದಲ್ಲಿ ಸಕ್ಕರೆ ತೀರಾ ಇಳಿಯುವುದು ಮುಖ್ಯ ಕಾರಣಗಳು. ಇಂಥ ಮಗು ಗೋಡೆಯ ಮೇಲಿನ ಅಕ್ಷರಪಟ್ಟಿಯನ್ನು ಕೊನೆಯ ಸಾಲಿನವರೆಗೂ ಓದಬಹುದು. ಅದೇ ಮಗುವಿಗೆ ಆಟಿಕೆಗಳ ರಾಶಿಯಲ್ಲಿ ತನ್ನ ಗೊಂಬೆ ಸಿಗದು, ಜಾತ್ರೆಯ ಜನಜಂಗುಳಿಯಲ್ಲಿ ಅಮ್ಮ ಕಾಣಿಸಳು. ನೋಟದ ಕೆಳಭಾಗ ಮಸುಕಾಗಿದ್ದರೆ ಮೆಟ್ಟಿಲಲ್ಲಿ ಎಡವುತ್ತದೆ. ಶಾಲೆಯಲ್ಲಿ ಅದಕ್ಕೆ ಸಿಗುವ ಹೆಸರು ಮಾತ್ರ ‘ಸೋಮಾರಿ’, ‘ಗಮನವಿಲ್ಲದ್ದು’.

ಆ್ಯಪ್‌ನಲ್ಲಿರುವುದು ಕಾರ್ಡುಗಳನ್ನು ಜೋಡಿ ಮಾಡುವ ಆಟ. ಪರದೆಯ ಮೇಲೆ ಕಾರ್ಡುಗಳು ಹೆಚ್ಚಿದಂತೆ ಹುಡುಕಾಟ ಕಠಿಣವಾಗುತ್ತದೆ. ಮಗು ತೆಗೆದುಕೊಂಡ ಸಮಯವೂ ಮಾಡಿದ ತಪ್ಪುಗಳೂ ದಾಖಲಾಗುತ್ತವೆ. ಹಲವು ವಸ್ತುಗಳ ನಡುವೆ ಬೇಕಾದ್ದನ್ನು ಹುಡುಕುವ ಈ ಸಾಮರ್ಥ್ಯವನ್ನು ಮಾಮೂಲಿ ಕಣ್ಣಿನ ತಪಾಸಣೆ ಮುಟ್ಟುವುದಿಲ್ಲವಾದ್ದರಿಂದ ಇಂಥ ಸಾಧನ ಉಪಯುಕ್ತ. ಆದರೆ ಮಗು ಆಟದಲ್ಲಿ ನಿಧಾನವಾಗುವುದಕ್ಕೆ ಬೇರೆ ಕಾರಣಗಳೂ ಇರಬಹುದು. ಆ್ಯಪ್‌ನ ಫಲಿತಾಂಶ ರೋಗನಿರ್ಣಯವಲ್ಲ. ಸಂಶಯ ಕಂಡ ಮಗುವನ್ನು ತಜ್ಞ ವೈದ್ಯರು ಪೂರ್ಣವಾಗಿ ಪರೀಕ್ಷಿಸಲೇಬೇಕು.