ಮನೆ ಬದಲಾಯಿಸಿದ್ರೆ 10 ದಿನ: ಅಮೆರಿಕದ ಒಂದು ಫಾರ್ಮ್‌ನ ಕಥೆ

ಇವತ್ತಿನ ಕಂತಲ್ಲಿ ರಾಜರಿಲ್ಲ, ಕೋಟೆ ಇಲ್ಲ. ಯುದ್ಧ ಸ್ವಲ್ಪ ಇದೆ. ಜಾಸ್ತಿ ಇರೋದು ಒಂದು ಫಾರ್ಮ್. ಬೋರ್ ಅಂತ ಸ್ಕಿಪ್ ಮಾಡ್ಬೇಡಿ, ಇದೇ ಫಾರ್ಮ್‌ನಿಂದ ನಮ್ಮ ಮನೆಯಲ್ಲೊಬ್ಬರು ಕೆಲಸಕ್ಕೆ ಹೋಗೋದನ್ನ ನಿಲ್ಲಿಸಬೇಕಾಯ್ತು.

ನಮ್ಮ ದೊಡ್ಡಮ್ಮನ ಮಗಳು, ನಾನು ಅಕ್ಕ ಅಂತಾನೇ ಕರೆಯೋದು, ಗಂಡ-ಮಗು ಜೊತೆ ನ್ಯೂಜೆರ್ಸಿಯಲ್ಲಿದ್ದಳು. ಭಾವನಿಗೆ ಎಚ್-1ಬಿ ವೀಸಾ, ಅಕ್ಕನಿಗೆ ಎಚ್-4. ಅವಳು ಕೆಲಸ ಮಾಡ್ಬೇಕು ಅಂದ್ರೆ ಬೇರೆ ಪರ್ಮಿಟ್ ಬೇಕು, ಅದರ ನವೀಕರಣಕ್ಕೆ ಅರ್ಜಿ ಹಾಕಿದ್ದಳು. ಅಷ್ಟರಲ್ಲಿ ಭಾವನಿಗೆ ಟೆಕ್ಸಾಸ್‌ಗೆ ಹೋಗಬೇಕಾಗಿ ಬಂತು. ಅಕ್ಕ ಎಲ್ಲ ಕಡೆ ವಿಳಾಸ ಬದಲಾಯಿಸಿದಳು: ಬ್ಯಾಂಕು, ಮಗುವಿನ ಸ್ಕೂಲು, ಇನ್ಶೂರೆನ್ಸು. ಪೋಸ್ಟ್ ಆಫೀಸಿಗೂ ಹೇಳಿದಳು, ಹಳೇ ಮನೆಗೆ ಬಂದಿದ್ದನ್ನ ಹೊಸ ಮನೆಗೆ ಕಳಿಸಿ ಅಂತ. ವಲಸೆ ಇಲಾಖೆಗೆ ಮಾತ್ರ ಹೇಳಲಿಲ್ಲ. ಪೋಸ್ಟ್ ಆಫೀಸಿಗೆ ಹೇಳಿದ್ರೆ ಅವರಿಗೂ ಗೊತ್ತಾಗುತ್ತೆ ಅಂದ್ಕೊಂಡಿದ್ದಳು. ಗೊತ್ತಾಗಲ್ಲ. ಇನ್ನೊಂದು ದಾಖಲೆ ಕಳಿಸಿ ಅನ್ನೋ ಪತ್ರ ನ್ಯೂಜೆರ್ಸಿಗೇ ಹೋಯ್ತು. ಉತ್ತರ ಬರಲಿಲ್ಲ ಅಂತ ಅರ್ಜಿ ತಿರಸ್ಕಾರ ಆಯ್ತು. ಮತ್ತೆ ಫೀಸು, ಮತ್ತೆ ಅರ್ಜಿ, ಅದು ಮುಗಿಯೋವರೆಗೂ ಕೆಲಸ ಇಲ್ಲ.

ರಾತ್ರಿ ಫೋನಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಏನೋ, ಮನೆ ಬದಲಾಯಿಸಿದ್ದಕ್ಕೆ ಸರ್ಕಾರಕ್ಕೆ ಯಾಕೋ ಹೇಳ್ಬೇಕು? ಇಲ್ಲಿನವರು ಯಾರೂ ಹೇಳಲ್ವಲ್ಲ?"

ಒಳ್ಳೆ ಪ್ರಶ್ನೆ ಅಲ್ವಾ? ಹುಡುಕಿಕೊಂಡು ಹೋದೆ. 130 ವರ್ಷ ಹಿಂದಕ್ಕೆ ಹೋಗಬೇಕಾಯ್ತು.

ಮೊದಲು ನಿಯಮ ಹೇಳಿಬಿಡ್ತೀನಿ. ಅಮೆರಿಕದ ಪ್ರಜೆ ಅಲ್ಲದವರು ಮನೆ ಬದಲಾಯಿಸಿದ 10 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಗ್ರೀನ್ ಕಾರ್ಡ್ ಇದ್ದವರೂ ಸೇರಿ. ರಾಯಭಾರಿಗಳ ಥರದ ಕೆಲವರಿಗೆ ಮಾತ್ರ ವಿನಾಯಿತಿ. ಫಾರ್ಮ್ ಹೆಸರು ಎಆರ್-11. ಎಆರ್ ಅಂದ್ರೆ ಏಲಿಯನ್ ರಿಜಿಸ್ಟ್ರೇಷನ್. ಏಲಿಯನ್ ಅಂದ್ರೆ ಹಾರುವ ತಟ್ಟೆಯವರಲ್ಲ, ನಮ್ಮಕ್ಕ. ತಿಳಿಸದಿದ್ರೆ 200 ಡಾಲರ್‌ವರೆಗೆ ದಂಡ ಇಲ್ಲವೇ 30 ದಿನದವರೆಗೆ ಜೈಲು, ಅಥವಾ ಎರಡೂ ಅಂತ 1952ರ ಕಾನೂನಲ್ಲಿ ಬರೆದಿದ್ದಾರೆ. ಬೇಕಂತಲೇ ಮಾಡಿದ್ದು ಅಂತ ಆದ್ರೆ ಗಡೀಪಾರಿಗೂ ದಾರಿ ಇದೆ.

ಈಗ 1892ಕ್ಕೆ ಹೋಗೋಣ. ಚೀನಾದಿಂದ ಕಾರ್ಮಿಕರು ಹೊಸದಾಗಿ ಬರೋದನ್ನ ಅಮೆರಿಕ ಹತ್ತು ವರ್ಷದ ಹಿಂದೆಯೇ ನಿಲ್ಲಿಸಿತ್ತು. ಆದ್ರೆ ಆಗಲೇ ಬಂದು ರೈಲು ಹಳಿ ಹಾಕಿದವರು, ಬಟ್ಟೆ ಒಗೆಯೋರು, ಅಡುಗೆ ಮಾಡೋರು ದೇಶದೊಳಗೇ ಇದ್ದರಲ್ಲ, ಅವರಿಗೆ ಅಂತ ಗಿಯರಿ ಕಾಯ್ದೆ ಬಂತು. ಪ್ರತಿ ಚೀನೀ ಕಾರ್ಮಿಕ ಒಂದು ವರ್ಷದೊಳಗೆ ತೆರಿಗೆ ಅಧಿಕಾರಿ ಹತ್ರ ಹೋಗಿ ನಿವಾಸ ಪ್ರಮಾಣಪತ್ರ ತಗೋಬೇಕು. ತಗೊಳ್ಳದೆ ಸಿಕ್ಕಿಬಿದ್ರೆ ಬಂಧನ. ಆಮೇಲೆ ನಾನು ಕಾನೂನುಬದ್ಧವಾಗಿ ಇಲ್ಲೇ ಇದ್ದೆ ಅಂತ ಅವನೇ ಸಾಬೀತು ಮಾಡ್ಬೇಕು, ಅದೂ ಒಬ್ಬ ಬಿಳಿಯ ಸಾಕ್ಷಿ ಇಟ್ಟು.

ಬಿಳಿಯ ಸಾಕ್ಷಿ. ಕಾನೂನಲ್ಲೇ ಹಾಗೆ ಬರೆದಿದ್ರು. ಊರಿಂದ ಊರಿಗೆ ಕೆಲಸ ಹುಡುಕಿಕೊಂಡು ಹೋಗೋ ಮನುಷ್ಯನಿಗೆ ಹೊಸ ಊರಲ್ಲಿ ತನ್ನನ್ನ ಬಲ್ಲ ಬಿಳಿಯ ಎಲ್ಲಿ ಸಿಗ್ತಾನೆ? ಚೀನೀ ಸಮುದಾಯದ ಸಂಘಗಳು ಯಾರೂ ನೋಂದಣಿ ಮಾಡಿಸ್ಬೇಡಿ ಅಂತ ಕರೆ ಕೊಟ್ಟವು, ಬಹಳ ಜನ ಮಾಡಿಸಲಿಲ್ಲ. ಫಾಂಗ್ ಯೂ ಟಿಂಗ್ ಅನ್ನೋರ ಹೆಸರಲ್ಲಿ ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. ಅದೇ ಕೇಸಲ್ಲಿ ಲೀ ಜೋ ಅಂತ ಇನ್ನೊಬ್ಬರಿದ್ರು. ಅವರು ಪ್ರಮಾಣಪತ್ರ ಕೇಳಿಕೊಂಡು ಹೋಗಿದ್ರು, ಆದ್ರೆ ಕರ್ಕೊಂಡು ಹೋದ ಸಾಕ್ಷಿಗಳು ಚೀನೀಯರು ಅಂತ ವಾಪಸ್ ಕಳಿಸಿದ್ರು. 1893ರ ಮೇ 15ರಂದು ಕೋರ್ಟು ಕಾಯ್ದೆಯನ್ನ ಎತ್ತಿಹಿಡಿಯಿತು. ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ, ಆದ್ರೆ ಬಹುಮತ ಬಹುಮತವೇ. ಇಲ್ಲಿಂದ ಒಂದು ಪದ್ಧತಿ ಗಟ್ಟಿಯಾಯ್ತು: ಕಾಗದ ಇಲ್ಲ ಅಂದ್ರೆ ತಪ್ಪು ನಿನ್ನದೇ, ಅಲ್ಲ ಅಂತ ತೋರಿಸೋ ಭಾರವೂ ನಿನ್ನದೇ.

ಅದು ಒಂದು ಜನಾಂಗಕ್ಕೆ ಮಾತ್ರ ಇದ್ದ ನಿಯಮ. ಎಲ್ಲ ವಿದೇಶಿಯರಿಗೂ ಬಂದಿದ್ದು 1940ರಲ್ಲಿ. ಜೂನ್ ತಿಂಗಳು, ಫ್ರಾನ್ಸ್ ಹಿಟ್ಲರ್ ಕೈಗೆ ಬಿದ್ದಿದೆ, ಅಮೆರಿಕದಲ್ಲಿ ಎಲ್ಲಿ ನೋಡಿದ್ರೂ ಗೂಢಚಾರರ ಭಯ. ವಲಸೆ ಇಲಾಖೆಯನ್ನ ಕಾರ್ಮಿಕ ಖಾತೆಯಿಂದ ತೆಗೆದು ನ್ಯಾಯ ಖಾತೆಗೆ ಹಾಕಿದ್ರು. ಕೆಲಸಗಾರರನ್ನ ನೋಡ್ಕೊಳ್ಳೋ ಮೇಜಿಂದ ಪೊಲೀಸರ ಪಕ್ಕದ ಮೇಜಿಗೆ ಫೈಲು ಹೋಯ್ತು ಅಂದ್ಕೊಳ್ಳಿ. ಜೂನ್ 28ರಂದು ಅಧ್ಯಕ್ಷ ರೂಸ್‌ವೆಲ್ಟ್ ಏಲಿಯನ್ ರಿಜಿಸ್ಟ್ರೇಷನ್ ಕಾಯ್ದೆಗೆ ಸಹಿ ಹಾಕಿದ್ರು. 14 ವರ್ಷ ದಾಟಿದ ಪ್ರತಿ ವಿದೇಶಿ ಹೆಸರು ಬರೆಸಬೇಕು, ಬೆರಳಚ್ಚು ಕೊಡಬೇಕು. ಅಲ್ಲೇ ನೆಲೆಸಿದವರು ಮನೆ ಬದಲಾಯಿಸಿದ್ರೆ 5 ದಿನದಲ್ಲಿ ತಿಳಿಸಬೇಕು. ನೋಡಿ, ಅಕ್ಕನ ಫಾರ್ಮ್‌ನ ಬೇರು ಇಲ್ಲಿದೆ.

(ನಾವೇನೂ ಕಮ್ಮಿ ಇಲ್ಲ. ಅದೇ ಯುದ್ಧ ಶುರುವಾಗೋಕೆ ಸ್ವಲ್ಪ ಮುಂಚೆ, 1939ರಲ್ಲಿ, ಬ್ರಿಟಿಷರು ಇಲ್ಲೂ ವಿದೇಶಿಯರ ನೋಂದಣಿ ಕಾಯ್ದೆ ತಂದ್ರು. 2025ರಲ್ಲಿ ಹೊಸ ಕಾನೂನು ಬರೋವರೆಗೂ ಸ್ವತಂತ್ರ ಭಾರತ ಅದನ್ನೇ ಇಟ್ಟುಕೊಂಡಿತ್ತು.)

ಆಗಸ್ಟ್ ಕೊನೆಯಿಂದ ಡಿಸೆಂಬರ್ 26ರವರೆಗೆ ಊರೂರಿನ ಪೋಸ್ಟ್ ಆಫೀಸಲ್ಲಿ ಸಾಲು. ಹತ್ತಿರ ಹತ್ತಿರ 50 ಲಕ್ಷ ಜನ ನೋಂದಣಿ ಮಾಡಿಸಿದ್ರು. ಅದರಲ್ಲಿ ನಮ್ಮವರೂ ಇದ್ರು. 1923ರಲ್ಲಿ ಭಗತ್ ಸಿಂಗ್ ತಿಂಡ್ ಕೇಸಲ್ಲಿ ಭಾರತೀಯರು 'ಬಿಳಿಯರು' ಅಲ್ಲ, ಆದ್ದರಿಂದ ಪೌರತ್ವ ಇಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತ್ತು. ಇಪ್ಪತ್ತು-ಮೂವತ್ತು ವರ್ಷ ಅಲ್ಲೇ ದುಡಿದ ಪಂಜಾಬಿ ರೈತರೂ ಹಾಗಾಗಿ ಏಲಿಯನ್‌ಗಳೇ. 1940ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಭಾರತೀಯರು 2,405 ಮಂದಿ. ಬಹಳ ಜನ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಸೀಸನ್ ಸೀಸನ್‌ಗೆ ಜಾಗ ಬದಲಾಯಿಸ್ತಿದ್ದ ಕೂಲಿಗಳು. ಪೀಚ್ ಹಣ್ಣು ಮುಗಿದ್ರೆ ದ್ರಾಕ್ಷಿ, ದ್ರಾಕ್ಷಿ ಮುಗಿದ್ರೆ ಇನ್ನೊಂದು. ಪ್ರತಿ ಸಲವೂ 5 ದಿನದಲ್ಲಿ ಪತ್ರ! 1946ರಲ್ಲಿ ಲೂಸ್-ಸೆಲ್ಲರ್ ಕಾಯ್ದೆ ಬಂದಮೇಲೇ ಪೌರತ್ವದ ಬಾಗಿಲು ತೆರೆದಿದ್ದು. ಹೊಸದಾಗಿ ಬರೋಕೆ ವರ್ಷಕ್ಕೆ 100 ಜನರ ಕೋಟಾ, ಅಷ್ಟೇ.

ಇನ್ನೊಂದು ತಮಾಷೆ ಕೇಳಿ. ಆಗ ರಾಜ್ಯಗಳೂ ತಮ್ಮದೇ ಪಟ್ಟಿ ಮಾಡೋಕೆ ಹೊರಟಿದ್ವು. ಪೆನ್ಸಿಲ್ವೇನಿಯಾ 1939ರಲ್ಲಿ ಕಾಯ್ದೆ ಮಾಡ್ತು: ವಯಸ್ಕ ವಿದೇಶಿಯರು ವರ್ಷಕ್ಕೊಂದು ಸಲ ನೋಂದಣಿ ಮಾಡಿಸಿ 1 ಡಾಲರ್ ಕಟ್ಟಬೇಕು, ಕಾರ್ಡು ಸದಾ ಜೇಬಲ್ಲಿರಬೇಕು, ಪೊಲೀಸ್ ಕೇಳಿದ್ರೆ ತೋರಿಸಬೇಕು. ಕಾರ್ಡು ಇಲ್ಲದೆ ಡ್ರೈವಿಂಗ್ ಲೈಸೆನ್ಸೂ ಇಲ್ಲ. ಈಗ ಯೋಚಿಸಿ, ಪ್ರತಿ ರಾಜ್ಯವೂ ಹೀಗೇ ಮಾಡಿದ್ರೆ? ಕೆಎ ನಂಬರ್ ಗಾಡಿ ಪುಣೆಗೆ ತಗೊಂಡು ಹೋಗಿ ಎನ್‌ಒಸಿಗೆ ಅಲೆದವರಿಗೆ ಅರ್ಥ ಆಗುತ್ತೆ, ಇಲ್ಲಿ ಗಾಡಿ ಜಾಗದಲ್ಲಿ ಮನುಷ್ಯ. 1941ರ ಜನವರಿ 20ರಂದು ಹೈನ್ಸ್ ವರ್ಸಸ್ ಡೇವಿಡೊವಿಟ್ಜ್ ಕೇಸಲ್ಲಿ ಸುಪ್ರೀಂ ಕೋರ್ಟು ಇದನ್ನ ನಿಲ್ಲಿಸಿತು. ಕೇಂದ್ರದ ಪಟ್ಟಿ ಇರುವಾಗ ಅದರ ಮೇಲೆ ರಾಜ್ಯದ ಪಟ್ಟಿ ಬೇಡ ಅಂತ.

ನನ್ನ ಪ್ರಕಾರ ಇದು ಅರ್ಧ ಗೆಲುವು ಮಾತ್ರ. ರಾಜ್ಯ ಬದಲಾದ್ರೆ ಹೊಸ ವಲಸೆ ಕಾರ್ಡು ಮಾಡಿಸಬೇಕಿಲ್ಲ, ನಿಜ. ಆದ್ರೆ 2005ರ ರಿಯಲ್ ಐಡಿ ಕಾಯ್ದೆ ಆದಮೇಲೆ ಲೈಸೆನ್ಸ್ ಕೌಂಟರಲ್ಲೇ ವಲಸೆ ದಾಖಲೆ ನೋಡ್ತಾರೆ, ಕೇಂದ್ರದ ಡೇಟಾಬೇಸ್ ಜೊತೆ ತಾಳೆ ಹಾಕ್ತಾರೆ. ಅಲ್ಲಿರೋಕೆ ಎಷ್ಟು ದಿನ ಅನುಮತಿ ಇದೆಯೋ ಆ ಲೈಸೆನ್ಸಿಗೂ ಅಷ್ಟೇ ದಿನ ಆಯಸ್ಸು. ಟೆಕ್ಸಾಸ್‌ಗೆ ನೆಲೆಸೋಕೆ ಹೋದವರಿಗೆ ಅಲ್ಲಿನ ಲೈಸೆನ್ಸ್ ಮಾಡಿಸೋಕೆ 90 ದಿನ ಟೈಮು. ಪೆನ್ಸಿಲ್ವೇನಿಯಾದವರು ಕೇಳಿದ್ದು ಇದಕ್ಕಿಂತ ಬಹಳ ಬೇರೆ ಏನಲ್ಲ.

ಯುದ್ಧ ಮುಗಿದ ಮೇಲೂ ಫಾರ್ಮ್ ಹೋಗಲಿಲ್ಲ. 1950ರಲ್ಲಿ ಕಮ್ಯುನಿಸ್ಟರ ಭಯಕ್ಕೆ ಇನ್ನೊಂದು ಸೇರಿಸಿದ್ರು: ಮನೆ ಬದಲಾಯಿಸಿರಲಿ ಬಿಡಲಿ, ಪ್ರತಿ ಜನವರಿಯಲ್ಲಿ ವಿಳಾಸ ತಿಳಿಸಬೇಕು. 1965ರ ಕಾನೂನು ಬಂದಮೇಲೆ ಅಮೆರಿಕಕ್ಕೆ ಹೋದ ಮೊದಲ ತಲೆಮಾರಿನ ಕನ್ನಡಿಗ ಡಾಕ್ಟರುಗಳು, ಎಂಜಿನಿಯರುಗಳಿಗೂ ಇದು ಅನ್ವಯಿಸ್ತಿತ್ತು. ನಿಮ್ಮ ಮನೆಯಲ್ಲಿ ಆ ಕಾಲದ ಅಮೆರಿಕದ ಅಂಕಲ್ ಯಾರಾದ್ರೂ ಇದ್ರೆ ಜನವರಿ ಕಾರ್ಡ್ ಬಗ್ಗೆ ಕೇಳಿ ನೋಡಿ. 1981ರಲ್ಲಿ ಜನವರಿ ಕಾರ್ಡು ರದ್ದಾಯ್ತು. 10 ದಿನದ ನಿಯಮ ಹಾಗೇ ಉಳೀತು. ಆಮೇಲೆ ಎಲ್ಲರೂ ಅದನ್ನ ಮರೆತರು. ಇಲಾಖೆಯೂ.

ನಾನು ಬಿ.ಕಾಂ ಓದಿದವನು. ನಮ್ಮಲ್ಲಿ ಒಂದು ಕಡೆ ಡೆಬಿಟ್ ಬರೆದ್ರೆ ಇನ್ನೊಂದು ಕಡೆ ಕ್ರೆಡಿಟ್ ಇರಲೇಬೇಕು. ಈ ಫಾರ್ಮ್‌ಗೆ ಕ್ರೆಡಿಟ್ ಕಡೆ ಏನಿತ್ತು ಅನ್ನೋದು 2002ರಲ್ಲಿ ಗೊತ್ತಾಯ್ತು. ಸೆಪ್ಟೆಂಬರ್ 11ರ ದಾಳಿ ಆದ ಮರುವರ್ಷ, ವಿಳಾಸ ತಿಳಿಸದವರ ಮೇಲೆ ಇನ್ಮುಂದೆ ಕ್ರಮ ತಗೋತೀವಿ ಅಂತ ಸರ್ಕಾರ ಘೋಷಿಸಿತು. ಹೆದರಿದ ಜನ ಫಾರ್ಮ್ ತುಂಬಿ ಕಳಿಸೋಕೆ ಶುರು ಮಾಡಿದ್ರು. ಆಗಲೇ ಸುದ್ದಿ ಬಂದಿದ್ದು: ಜನ ಹಿಂದೆ ಕಳಿಸಿದ್ದ ಸುಮಾರು 2 ಲಕ್ಷ ವಿಳಾಸ ಬದಲಾವಣೆ ಫಾರ್ಮ್‌ಗಳು ಕಾನ್ಸಸ್ ಸಿಟಿ ಹತ್ರದ ಒಂದು ಹಳೇ ಗಣಿಯೊಳಗೆ, ಬಾಕ್ಸುಗಳಲ್ಲಿ ಬಿದ್ದಿವೆ. ಕಂಪ್ಯೂಟರಿಗೆ ಏರಿಸೇ ಇಲ್ಲ. ನೆಲದಡಿಯ ಗಣಿ ಸ್ವಾಮಿ, ರೂಪಕ ಅಲ್ಲ. ಅದೇ ವರ್ಷ ನವೆಂಬರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆಯೂ ಬರೀತು, ಇಲಾಖೆ ಹತ್ರ ನಂಬುವಂಥ ವಿಳಾಸಗಳೇ ಇಲ್ಲ ಅಂತ.

ಕಳಿಸದವರಿಗೆ ಜೈಲು ಅಂತ ಕಾನೂನು. ಕಳಿಸಿದವರದ್ದು ಗಣಿಗೆ. ಅಂಚೆಯಲ್ಲಿ ಕಳಿಸಿದ ಫಾರ್ಮಿಗೆ ಸ್ವೀಕೃತಿ ಕೂಡ ಬರ್ತಿರಲಿಲ್ಲ. ಅದಕ್ಕೇ ವಕೀಲರು ಹೇಳ್ತಿದ್ರು, ರಿಜಿಸ್ಟರ್ಡ್ ಥರ ಕಳಿಸಿ, ರಸೀದಿ ಇಟ್ಕೊಳ್ಳಿ ಅಂತ. 1892ರ ಬಿಳಿಯ ಸಾಕ್ಷಿಯ ಜಾಗದಲ್ಲಿ ಅಂಚೆ ರಸೀದಿ.

ಎಚ್-1ಬಿ ಇರುವ ಕೇಳುಗರಿಗೆ ಇನ್ನೊಂದು ತಾರೀಖು: 2015ರ ಏಪ್ರಿಲ್ 9. ಸಿಮಿಯೊ ಸೊಲ್ಯೂಷನ್ಸ್ ಅನ್ನೋ ಕಂಪನಿಯ ಪ್ರಕರಣ. ಅರ್ಜಿಯಲ್ಲಿ ಕೆಲಸದ ಜಾಗ ಅಂತ ಬರೆದಿದ್ದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್. ಆಮೇಲೆ ನೋಡಿದ್ರೆ ಅದೇ ರಾಜ್ಯದ ಕಮರಿಲ್ಲೊ, ಇನ್ನೊಂದು ನ್ಯೂಜೆರ್ಸಿಯ ಹೋಬೊಕೆನ್. ಈ ವೀಸಾದಲ್ಲಿ ಕನಿಷ್ಠ ಸಂಬಳ ಲೆಕ್ಕ ಹಾಕೋದೇ ಆಯಾ ನಗರ ಪ್ರದೇಶಕ್ಕೆ ತಕ್ಕ ಹಾಗೆ. ಹಾಗಾಗಿ ಕೆಲಸದ ಜಾಗ ಬೇರೆ ನಗರ ಪ್ರದೇಶಕ್ಕೆ ಹೋದ್ರೆ ಕಂಪನಿ ಅರ್ಜಿಯನ್ನೇ ತಿದ್ದುಪಡಿ ಮಾಡಿ ಮತ್ತೆ ಹಾಕಬೇಕು ಅಂತ ತೀರ್ಮಾನ ಆಯ್ತು. ಕಮ್ಮಿ ಸಂಬಳಕ್ಕೆ ದುಡಿಸೋದನ್ನ ತಡೆಯೋಕೆ ಇದು ಬೇಕು, ನಾನೂ ಒಪ್ತೀನಿ. ಆದ್ರೆ ಕಂಪನಿ ಮಾಡದೆ ಬಿಟ್ರೆ ವೀಸಾ ಹೋಗೋದು ಉದ್ಯೋಗಿದು. ಮನೆಯ ವಿಳಾಸ ನಿಮ್ಮ ಜವಾಬ್ದಾರಿ, ಆಫೀಸಿನ ವಿಳಾಸ ಕಂಪನಿಯ ಜವಾಬ್ದಾರಿ, ಪೆಟ್ಟು ಬೀಳೋದು ಮಾತ್ರ ಒಂದೇ ಮನೆಗೆ.

ಭಾವನ ಕಂಪನಿಯವರು ತಿದ್ದುಪಡಿ ಮೊದಲೇ ಹಾಕಿದ್ರು. ಆ ಕಡೆ ಎಲ್ಲ ಸರಿಯಿತ್ತು, ಉಳಿದಿದ್ದು ಅಕ್ಕನ ಒಂದು ಫಾರ್ಮು. ಈಗ ಅದು ಆನ್‌ಲೈನಲ್ಲೇ ಇದೆ, ಫೀಸಿಲ್ಲ, ಕೆಲವೇ ನಿಮಿಷದ ಕೆಲಸ.

ಹೋದ ತಿಂಗಳು ಅವಳ ಹೊಸ ಪರ್ಮಿಟ್ ಬಂತು, ಟೆಕ್ಸಾಸ್ ವಿಳಾಸಕ್ಕೇ. ಅವಳ ಹಳೇ ಕೆಲಸಕ್ಕೆ ಅಷ್ಟರಲ್ಲಿ ಬೇರೆಯವರನ್ನ ತಗೊಂಡಿದ್ರು. ಹೊಸದು ಹುಡುಕ್ತಿದ್ದಾಳೆ. ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ವಿಳಾಸ ಬದಲಾವಣೆಯ ದೃಢೀಕರಣದ ಸ್ಕ್ರೀನ್‌ಶಾಟ್ ಹಾಕಿದ್ದಳು, ನಮ್ಮಲ್ಲೂ ಒಂದು ಕಾಪಿ ಇರಲಿ ಅಂತ. ದೊಡ್ಡಮ್ಮ ಏನು ಅಂತ ನೋಡದೆ ಅದಕ್ಕೆ ಕೈಮುಗಿಯೋ ಇಮೋಜಿ ಹಾಕಿದ್ರು. ನಾನು ಪ್ರಿಂಟ್ ತೆಗೆದು ನಮ್ಮನೆ ಬೀರುವಲ್ಲಿ, ಸೈಟಿನ ಪತ್ರಗಳ ಜೊತೆ ಇಟ್ಟಿದ್ದೀನಿ.