ಖರಾಬು ಎಂದು ಬರೆದ ಜಾಗ

ಸರ್ವೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಕಬ್ಬಿಣದ ಸರಪಳಿ ನನ್ನ ಕೈಗೆ ಬಂತು. ಉದ್ದ 33 ಅಡಿ, ಅದರಲ್ಲಿ ಹದಿನಾರು ಆಣೆ. ಉದ್ದಕ್ಕೊಂದು ಸರಪಳಿ, ಅಗಲಕ್ಕೊಂದು ಸರಪಳಿ ಹಿಡಿದರೆ ಒಂದು ಗುಂಟೆ. ಅಂಥ ನಲವತ್ತು ಗುಂಟೆ ಸೇರಿದರೆ ಎಕರೆ. ಸರಪಳಿಯ ಒಂದು ತುದಿ ನನ್ನ ಕೈಯಲ್ಲಿದ್ದರೆ ಇನ್ನೊಂದನ್ನು ಹಿಡಿಯುತ್ತಿದ್ದವನು ಆಯಾ ಊರಿನ ತೋಟಿ. ಟಿಪ್ಪಣಿಗೆ ನನ್ನ ರುಜು ಬೀಳುತ್ತಿತ್ತು, ಅವನ ಹೆಸರು ಎಲ್ಲೂ ಬೀಳುತ್ತಿರಲಿಲ್ಲ. ಹುಟ್ಟಿದ್ದು ಹೊಳೆನರಸೀಪುರ; ಕೆಲಸ ಮಾಡಿದ್ದು ಅರಕಲಗೂಡು, ಚನ್ನರಾಯಪಟ್ಟಣ, ಕೊನೆಗೆ ಹಾಸನ. ಈ ನಾಲ್ಕು ಊರುಗಳನ್ನು ಕಾಲಿನಿಂದ ಬಲ್ಲೆ.

ಮೈಸೂರು ಸೀಮೆಯಲ್ಲಿ ಮುಂಬಯಿ ಪದ್ಧತಿಯ ಸರ್ವೆ ಶುರುವಾದದ್ದು 1863ರಲ್ಲಿ. ಆ ಕಾಲದ ದಾಖಲೆಗಳನ್ನು ಬಿಚ್ಚಿಯೇ ಇವತ್ತಿಗೂ ಎಷ್ಟೋ ಜಗಳ ತೀರ್ಮಾನವಾಗುತ್ತವೆ. ಉಳುವುದಕ್ಕೆ ಬಾರದ ನೆಲವನ್ನು ಅಲ್ಲಿ ಖರಾಬು ಎಂದು ಬರೆಯುತ್ತಾರೆ. ರೈತನ ಹಿಡುವಳಿಯೊಳಗೇ ಇರುವ ಕಲ್ಲು ಬಂಡೆಯ ನೆಲ ಎ ಖರಾಬು. ಬಂಡಿದಾರಿ, ಹಳ್ಳ, ಕಾಲುವೆ, ಕೆರೆ, ಸ್ಮಶಾನದಂಥವು ಬಿ ಖರಾಬು. ಎಲ್ಲರಿಗೂ ಸೇರಿದ ನೆಲಕ್ಕೆ ಕೆಟ್ಟದ್ದು ಎಂಬ ಹೆಸರು ಬಿದ್ದದ್ದು ನನ್ನನ್ನು ಸರ್ವಿಸಿನುದ್ದಕ್ಕೂ ಕಾಡಿದೆ. ಹೆಸರು ಹಾಗಿದ್ದರೆ ಅದನ್ನು ಮುಚ್ಚುವವನ ಕೈ ನಡುಗುವುದಿಲ್ಲ.

ನಿವೃತ್ತನಾದ ಮೇಲೆ, ಈ ನಾಲ್ಕರಲ್ಲಿ ಒಂದು ಊರಿನಲ್ಲಿ, ನಗರ ಯೋಜನೆಯ ನಕ್ಷೆ ಹರಡಿಕೊಂಡು ನಡೆದ ಒಂದು ಸಭೆಗೆ ಹೋಗಿದ್ದೆ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಉದ್ಯಾನಕ್ಕೆ ಹಸಿರು ಬಳಿದಿದ್ದರು. ಊರಿನ ಹಳೆಯದರಲ್ಲಿ ಏನೇನು ಉಳಿಸಬೇಕು ಎಂಬ ಮಾತು ಬಂತು. ಕೋಟೆ ಅಂದರು, ದೇವಸ್ಥಾನ ಅಂದರು, ಹಳೇ ಕಚೇರಿ ಅಂದರು. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದ ಮುದುಕರೊಬ್ಬರು ಕೈ ಎತ್ತಿದರು.

"ಸಾ, ಈ ನಕ್ಸೇಲಿ ತೂಬು ಎಲ್ಲೈತೆ?"

ಯಾರಿಗೂ ಅರ್ಥವಾಗಲಿಲ್ಲ. "ಕೆರೆ ತೂಬು ಸಾ. ಆ ಮೊಬೈಲ್ ಅಂಗ್ಡಿ ಕೆಳಗೈತೆ. ನಮ್ಮಪ್ಪ ಅದ್ರೊಳಕ್ಕೆ ಇಳೀತಿದ್ದ."

ನನಗೆ ಮಾತ್ರ ಅರ್ಥವಾಯಿತು. ಆ ಏರಿಯ ಮೇಲೆ ನಾನೇ ಸರಪಳಿ ಎಳೆದಿದ್ದೆ.

ಈ ನಾಲ್ಕೂ ಊರುಗಳ ಅಂಗರಚನೆ ಹೆಚ್ಚುಕಡಿಮೆ ಒಂದೇ. ಕೋಟೆ, ಪೇಟೆ, ಕೆರೆ ಅಥವಾ ಹೊಳೆ, ಆಚೆಗೆ ಕೇರಿ. ಹೊಳೆನರಸೀಪುರದ ಕೋಟೆಯನ್ನು 1168ರಲ್ಲಿ ನರಸಿಂಹ ನಾಯಕ ಕಟ್ಟಿಸಿದನೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅರ್ಕೇಶ್ವರನ ಊರು ಅರಕಲಗೂಡನ್ನು 1568ರ ಸುಮಾರಿಗೆ ಕೃಷ್ಣಪ್ಪ ನಾಯಕ ಕಟ್ಟಿದ. ಚನ್ನರಾಯಪಟ್ಟಣದ ಮೊದಲಿನ ಹೆಸರು ಕೊಳತೂರು. 1600ರ ಸುಮಾರಿಗೆ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕನ ಕೈಗೆ ಬಂದ ಮೇಲೆ ಈ ಹೆಸರಾಯಿತು. ಹಾಸನದ್ದು ಕಥೆಯೇ. ಮೊದಲಿನ ಊರು ಪಕ್ಕದ ಚನ್ನಪಟ್ಟಣ. ಅಲ್ಲಿ ನಾಯಕನ ಕಣ್ಣೆದುರಿಗೆ ಮೊಲವೊಂದು ಊರೊಳಕ್ಕೆ ನುಗ್ಗಿತಂತೆ. ಅಪಶಕುನವೆಂದು ಮನ ನೊಂದವನಿಗೆ ಹಾಸನಾಂಬೆ ಕಾಣಿಸಿಕೊಂಡು, ಇಲ್ಲೇ ಕೋಟೆ ಕಟ್ಟು ಅಂದಳಂತೆ.

ಕೋಟೆ ಕಟ್ಟಿಸಿದವರ ಹೆಸರು ಹೀಗೆ ಉಳಿದಿದೆ. ಕೆರೆ ಕಾದವರ ಹೆಸರು ಉಳಿದಿಲ್ಲ. ಕೆರೆಯ ಕೆಲಸ ಕಟ್ಟಿದ ದಿನಕ್ಕೆ ಮುಗಿಯುವುದಲ್ಲ. ಏರಿಯಲ್ಲಿ ಇಲಿ, ಏಡಿ ಬಿಲ ತೋಡಿದರೆ ಮುಚ್ಚಬೇಕು, ಕೋಡಿ ಬಿದ್ದ ರಾತ್ರಿ ಎದ್ದು ಕೂರಬೇಕು, ತೂಬಿನ ಕಲ್ಲುಕಂಬಗಳ ನಡುವೆ ನೀರಿಗಿಳಿದು ಬಿರಡೆ ಎತ್ತಬೇಕು, ಗದ್ದೆಗೆ ಸರದಿಯಂತೆ ನೀರು ಹಾಯಿಸಬೇಕು. ಇದು ನೀರುಗಂಟಿಯ ಕೆಲಸ. ನಮ್ಮ ಸೀಮೆಯಲ್ಲಿ ಬಹುಪಾಲು ದಲಿತ ಮನೆತನಗಳದ್ದು. ಸುಗ್ಗಿಯಲ್ಲಿ ಕಣದಿಂದ ಒಂದು ಪಾಲು, ಎಲ್ಲೋ ಒಂದಿಷ್ಟು ಇನಾಮು ನೆಲ ಸಿಗುತ್ತಿತ್ತು. ಯಾರ ಗದ್ದೆಗೆ ಎಷ್ಟು ನೀರು ಎಂದು ತೀರ್ಮಾನಿಸುವ ಮನುಷ್ಯ ಆ ಗದ್ದೆಯವನ ಜಗಲಿ ಹತ್ತುವ ಹಾಗಿರಲಿಲ್ಲ. ನೀರು ಬಿಡುವ ಹೊತ್ತಿನಲ್ಲಿ ಇಡೀ ಊರು ಅವನ ಮಾತು ಕೇಳುತ್ತಿತ್ತು, ಬಿಟ್ಟಾದ ಮೇಲೆ ಅವನು ದೂರ ನಿಲ್ಲಬೇಕಿತ್ತು.

1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕಿತು. ಹುಟ್ಟಿನಿಂದ ಬಂದ ಚಾಕರಿ ಹೋದದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಆದರೆ ಆ ಜಾಗಕ್ಕೆ ಸಂಬಳ, ಮರ್ಯಾದೆ ಎರಡೂ ಇರುವ ಇನ್ನೊಂದು ಕೆಲಸ ಬರಬೇಕಿತ್ತು. ಎಷ್ಟೋ ಕಡೆ ಬರಲಿಲ್ಲ. ಕೆರೆಗೆ ಯಜಮಾನರು ಹೆಚ್ಚಿದರು, ಕಾಯುವವರು ಇಲ್ಲವಾದರು.

ಹಾಸನದಲ್ಲಿ ನಡೆದುಕೊಂಡು ಹೋಗಿ ನೋಡಿ. ಹೊಸ ಬಸ್ ನಿಲ್ದಾಣ ನಿಂತಿರುವುದು ಚನ್ನಪಟ್ಟಣ ಕೆರೆಯ ಅಂಗಳದಲ್ಲಿ. ಸೊಪ್ಪು ಸದೆ ಕೊಳ್ಳಲು ಹೋಗುವ ಮಾರುಕಟ್ಟೆಯ ಹೆಸರೇ ಕಟ್ಟಿನಕೆರೆ. ದೇವಿಗೆರೆ ಮಾತ್ರ ಊರ ನಡುವೆ ನೀರು ತುಂಬಿಕೊಂಡು ನಿಂತಿದೆ. ಸಪ್ತಮಾತೃಕೆಯರಲ್ಲಿ ಮೂವರು ಹಾಸನಾಂಬೆಯ ಗುಡಿಯಲ್ಲಿ ಹುತ್ತದ ರೂಪದಲ್ಲಿ, ಮೂವರು ದೇವಿಗೆರೆಯಲ್ಲಿ, ಒಬ್ಬಳು ಕೆಂಚಮ್ಮನ ಹೊಸಕೋಟೆಯಲ್ಲಿ ನೆಲೆಸಿದರೆಂಬ ನಂಬಿಕೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಗುಡಿಯ ಬಾಗಿಲು ತೆರೆದರೆ ಲಕ್ಷಗಟ್ಟಲೆ ಜನ. ದೇವಿಯರು ಇದ್ದುದರಿಂದ ಆ ಕೆರೆ ಬದುಕಿತು ಎಂದೇ ನನ್ನ ಎಣಿಕೆ. ಬರೀ ನೀರುಗಂಟಿ ಇದ್ದ ಕೆರೆಗಳ ಪರವಾಗಿ ಕೇಳುವವರು ಯಾರಿದ್ದರು? ಚನ್ನರಾಯಪಟ್ಟಣದ ಅಮಾನಿಕೆರೆ ಉಳಿದಿದೆ. ಅಮಾನಿ ಎಂದರೆ ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುವುದು. ಆ ಹೆಸರು ಕೇಳಿದಾಗಲೆಲ್ಲ ನನಗೆ ಸಮಾಧಾನ.

ಕೇರಿಯ ವಿಷಯ ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ. ಹುಡುಗನಾಗಿದ್ದಾಗ ನಮ್ಮಜ್ಜಿ ಆ ಕಡೆ ಹೋಗಗೊಡುತ್ತಿರಲಿಲ್ಲ. ನಾನು ಮೊದಲು ಕೇರಿಯೊಳಗೆ ಕಾಲಿಟ್ಟದ್ದು ಸರಪಳಿಯ ಜೊತೆ. ತಗ್ಗು ಜಾಗ, ಕೋಡಿಯ ನೀರು ಹಾಯುವ ದಿಕ್ಕು. ಹತ್ತಿರವೇ ಬಿ ಖರಾಬಿನ ಕಾಲುವೆ. ಮೇಲಿನ ಕೆರೆ ಮುಚ್ಚಿ, ಆ ಕಾಲುವೆಯ ಮೇಲೆ ಚಪ್ಪಡಿ ಎಳೆದು ಅಂಗಡಿ ಬಂದರೆ ಮಳೆಯ ನೀರು ಮೊದಲು ಯಾರ ಹೊಸಲು ದಾಟುತ್ತದೆ ಎಂದು ತಿಳಿಯಲು ಸರ್ವೆ ಕಲಿತಿರಬೇಕಾಗಿಲ್ಲ. ನಕ್ಷೆಯಲ್ಲಿ ಆ ಮನೆಗಳಿಗೂ ಅದೇ ಹಳದಿ.

ಪರಂಪರೆ ಎಂಬ ಮಾತನ್ನು ಕೇರಿಯವರು ಅನುಮಾನದಿಂದ ಕೇಳುವುದಕ್ಕೂ ಕಾರಣವಿದೆ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ದೇವಸ್ಥಾನದೊಳಗೆ ಹೋದದ್ದು ದೊಡ್ಡ ರಂಪವಾಯಿತು. 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ಅಧಿಕಾರಿಗಳು ಜೊತೆಗೆ ನಿಂತ ಮೇಲೆ ದಲಿತರು ಊರ ಗುಡಿಗಳನ್ನು ಹೊಕ್ಕರು. ಒಳಗೇ ಬಿಡದ ಗುಡಿಯನ್ನು ನಮ್ಮೆಲ್ಲರದು ಎಂದು ಉಳಿಸಿಕೊಳ್ಳಿ ಅಂದರೆ ಯಾರಾದರೂ ಹೇಗೆ ಹೂಂ ಅಂದಾರು?

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಮುಗಿದದ್ದು 1979ರಲ್ಲಿ. ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ ಮುಳುಗಿತು. ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅಲ್ಲಿನ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುತ್ತವೆ. ಫೋಟೋ ತೆಗೆಯಲು ದೂರದಿಂದ ಜನ ಬರುತ್ತಾರೆ. ಕಾಲುವೆಯಲ್ಲಿ ಹರಿದ ಆ ನೀರಿನಿಂದ ಬೇರೆ ತಾಲ್ಲೂಕುಗಳಲ್ಲಿ ಬೆಳೆ ಬಂತು, ಅದೂ ನಿಜ. ಊರು ಬಿಟ್ಟವರ ಒಲೆ, ಹಿತ್ತಲು, ಬಾವಿ ಎಲ್ಲಿದ್ದವು ಎಂದು ತೋರಿಸುವ ಒಂದು ನಕ್ಷೆ ಇಗರ್ಜಿಯ ಎದುರಿಗೆ ಇರಬೇಕು ಎಂದು ಅಲ್ಲಿಗೆ ಹೋದಾಗಲೆಲ್ಲ ಅನ್ನಿಸುತ್ತದೆ.

ಹಾಸನ ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸುತ್ತಲ ಹಳ್ಳಿಗಳೂ ಸೇರುತ್ತವೆ. ಆ ಹಳ್ಳಿಗಳಿಗೂ ಕೆರೆಯಿದೆ, ತೂಬಿದೆ, ಕೇರಿಯಿದೆ. ಬಣ್ಣ ಬಳಿಯುವ ಮುಂಚೆ ಹಳೆಯ ಗ್ರಾಮನಕ್ಷೆಗಳನ್ನು ಅಲ್ಲಲ್ಲಿನ ಜನರ ಮುಂದೆ ಬಿಚ್ಚಿ ಹರಡಿ ಎಂಬುದೊಂದೇ ನನ್ನ ಬೇಡಿಕೆ. ಮೊದಲು ಕೇರಿಯಲ್ಲಿ ಹರಡಲಿ. ಯಾವ ಗೆರೆ ಎಲ್ಲಿ ಹೋಯಿತು ಎಂದು ಬೆರಳಿಟ್ಟು ತೋರಿಸುವವರು ಇನ್ನೂ ಕೆಲವರು ಇದ್ದಾರೆ. ಅವರಿಗೆ ಎಪ್ಪತ್ತು ದಾಟಿದೆ.

ಸಭೆ ಮುಗಿದ ಮೇಲೆ ಆ ಹಿರಿಯರ ಜೊತೆ ಹೊರಟೆ. ಅಂಗಡಿ ಸಾಲಿನ ಹಿಂದೆ ಒಂದು ಬಾಂದುಕಲ್ಲು ಅರ್ಧ ಹೂತು ನಿಂತಿತ್ತು, ಅಲ್ಲಿಂದ ಟೇಪು ಹಿಡಿದೆವು. ಅವರು ಆ ತುದಿ ಹಿಡಿದು ಮುಂದೆ ಹೋದರು, ನಾನು ಈ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತೆ. ನಾಲ್ಕು ಸರಪಳಿ, ಆರು ಆಣೆ. ಅವರು ಮೊಬೈಲ್ ಅಂಗಡಿಯ ಮೆಟ್ಟಿಲ ಮೇಲೆ ಕಾಲಿಟ್ಟು, "ಇಲ್ಲೇ ಸಾ" ಅಂದರು. ಆಕ್ಷೇಪಣೆ ಅರ್ಜಿಗೆ ಲಗತ್ತಿಸಿದ ಕೈನಕ್ಷೆಯ ಕೆಳಗೆ, ಅಳತೆ ಮಾಡಿದವರು ಎಂಬಲ್ಲಿ, ಮೊದಲು ಅವರ ಹೆಸರು ಬರೆದು ಆಮೇಲೆ ನನ್ನದು ಬರೆದೆ.